ಶೂ ಡಬ್ಬಿಯ ಆಲ್ಬಂ

ನಮ್ಮ ಚಿಕ್ಕಮ್ಮನ ಕೈಕೆಲಸ ನೋಡಿದರೆ ನಾನು ಬೀಗದೆ ಇರಲಾರೆ. ಅವಳು ಕೆಲಸಕ್ಕಿರುವುದು ಚಪ್ಪಲಿ ಅಂಗಡಿಯಲ್ಲಿ. ಗಿರಾಕಿಗಳು ಬಿಟ್ಟುಹೋದ ಶೂ ಡಬ್ಬಿಗಳೊಳಗಿನ ತೆಳು ಕಾಗದವನ್ನು ಮನೆಗೆ ತಂದು, ಹದವಾಗಿ ಇಸ್ತ್ರಿ ಮಾಡಿ, ಹೂವು ಕತ್ತರಿಸಿ ಫೋಟೋಗಳ ಸುತ್ತ ಅಂಟಿಸುತ್ತಾಳೆ. ಡಬ್ಬಿಯ ರಟ್ಟೇ ಆಲ್ಬಮ್ಮಿನ ಪುಟ. ಅಂಟೊಂದೇ ಕೊಂಡದ್ದು.

"ಕಸದಲ್ಲೂ ಆಲ್ಬಂ ಮಾಡ್ತಾರಾ?" ಎಂದು ಮೂಗು ಮುರಿದ ನಮ್ಮಕ್ಕ, ದುಬಾರಿ ಅಂಗಡಿಯಿಂದ ಚಿನ್ನದಂಚಿನ ಕಾಗದ ತಂದಳು. ಎಲ್ಲಿ ಹಾಳಾದೀತೋ ಎಂದು ಒಂದು ಹಾಳೆಗೂ ಕತ್ತರಿ ತಾಗಿಸಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಮನೆಮಂದಿಯನ್ನೆಲ್ಲ ಆಲ್ಬಮ್ಮಿಗೆ ಏರಿಸಿದ್ದಳು, ಅಕ್ಕನ ತೊಟ್ಟಿಲ ಫೋಟೋ ಸಮೇತ.

ಅಕ್ಕ ಆ ಪುಟ ಬಿಟ್ಟು ಕದಲಲೇ ಇಲ್ಲ. "ಕತ್ತರಿಸೋವಾಗ ನಿಂಗೆ ಕೈ ನಡುಗಲ್ವಾ, ಚಿಕ್ಕಮ್ಮ?"

ಚಿಕ್ಕಮ್ಮ ಎದೆಯುಬ್ಬಿಸಿ ನಕ್ಕಳು. "ನಿನ್ನ ಕಾಗದಕ್ಕೆ ಧೈರ್ಯ ಬೇಕು ಕಣೇ. ನನ್ನದಕ್ಕೆ ಕತ್ತರಿ ಸಾಕು."