ಕನ್ನಡ ಲಿಪಿಯಲ್ಲಿ ಹೀಬ್ರೂ ಕಲಿಸುವ ಸಿಪೋರಾ ಟೀಚರ್

ಜನವರಿ ತಿಂಗಳ ಭಾನುವಾರ, ಬೆಳಗಿನ ಏಳೂಮುಕ್ಕಾಲು. ಲಂಡನ್ನಿನ ಕೆಂಟನ್ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ಸಿನಿಂದ ಜೋಪಾನವಾಗಿ ಇಳಿಯುವ ಸಿಪೋರಾ ರೋಹೇಕರ್ ಅವರ ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ ಇಟ್ಟ ಬಟ್ಟೆಚೀಲ, ಇನ್ನೊಂದರಲ್ಲಿ ಊರುಗೋಲಿನ ಕೆಲಸವನ್ನೂ ಮಾಡುವ ಛತ್ರಿ. ವಯಸ್ಸು ಎಪ್ಪತ್ತೊಂದು. ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಹಿಂಬದಿಯ ಹಾಲ್‌ಗೆ ಬಂದು, ಬೀಗ ತೆಗೆದು, ಕೋಟನ್ನೂ ಬಿಚ್ಚದೆ ಮೊದಲು ಹೀಟರ್ ಹಾಕುತ್ತಾರೆ. ಹಾಲ್ ಬೆಚ್ಚಗಾಗಲು ಒಂದು ಗಂಟೆ ಬೇಕು. ಅಷ್ಟರಲ್ಲಿ ತಮ್ಮದೂ ಸೇರಿ ನಲವತ್ತನಾಲ್ಕು ಕುರ್ಚಿ ಜೋಡಿಸಬೇಕು. ಚಿಕ್ಕವು ಮುಂದೆ, ದೊಡ್ಡವು ಅವುಗಳ ಬೆನ್ನಿಗೇ.

“ಕುರ್ಚಿ ಹಾಕೂದು ಕೇರ್‌ಟೇಕರನ ಕೆಲಸ. ಆದ್ರ ಆತ ಎಲ್ಲಾ ಸಾಲಾಗಿ ಹಾಕಿಬಿಡತಾನ. ನನಗ ಹಂಗ ಬ್ಯಾಡ. ಕೂಸಿನ ಹಿಂದ ಅದರ ಅವ್ವನೋ ಅಪ್ಪನೋ ಕುಂದರಬೇಕು” ಎನ್ನುತ್ತಾರೆ, ಒಂದು ಕುರ್ಚಿಯನ್ನು ಗೇಣಷ್ಟು ಸರಿಸುತ್ತ.

ಡಬ್ಬಿಯ ಮುಚ್ಚಳ ತೆಗೆದರೆ ಏಲಕ್ಕಿಯ ಪರಿಮಳ. ರೇನರ್ಸ್ ಲೇನ್‌ನ ಅಂಗಡಿಯಿಂದ ತಂದ ತೆಳು ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಬಾಳೆಹಣ್ಣು, ಸೇಬು ಬೆರೆಸಿದ ಮಲಿದಾ. ಬೆಳಗಿನ ಐದಕ್ಕೆ ಎದ್ದು ಕಲಸಿದ್ದು. ಇವತ್ತಿನ ಪಾಠ ಪ್ರವಾದಿ ಎಲೀಯನದ್ದು. ಸಿಪೋರಾ ಅವರ ಮನೆತನದಲ್ಲಿ ಎಲೀಯನನ್ನು ನೆನೆಯುವಾಗ ಮಲಿದಾ ಇರಲೇಬೇಕು. ಪಾಠ ಮರೆತ ಮಕ್ಕಳೂ ಮಲಿದಾ ಮರೆಯುವುದಿಲ್ಲ ಎಂಬುದು ಅವರ ಅನುಭವ.

ಒಂಬತ್ತೂವರೆಗೆ ಮಕ್ಕಳ ತಂದೆಯರಲ್ಲಿ ಇಬ್ಬರು ಹಳದಿ ಜಾಕೆಟ್ ತೊಟ್ಟು ಗೇಟಿನಲ್ಲಿ ಕಾವಲು ನಿಲ್ಲುತ್ತಾರೆ. ಯೆಹೂದ್ಯರ ಮೇಲೆ ದಾಳಿಯಾದೀತೆಂಬ ಭಯದಿಂದ, ಕಾವಲಿಲ್ಲದೆ ಇಲ್ಲಿ ಗೇಟು ತೆರೆಯುವುದಿಲ್ಲ. ಮಕ್ಕಳು ಬರತೊಡಗುತ್ತಾರೆ. ವಾರವಿಡೀ ಎಲ್ಲರಂತೆ ಮಾಮೂಲಿ ಶಾಲೆಗೆ ಹೋಗುವ ಯೆಹೂದಿ ಮಕ್ಕಳು ಭಾನುವಾರ ಮೂರು ಗಂಟೆ ಇಲ್ಲಿ ಹೀಬ್ರೂ ಅಕ್ಷರ, ಪ್ರಾರ್ಥನೆ, ಹಬ್ಬಗಳ ಕಥೆ ಕಲಿಯುತ್ತಾರೆ. ಈ ಪಾಠಶಾಲೆಗೆ ‘ಹೇದರ್’ ಎನ್ನುತ್ತಾರೆ. ಆ ಪದದ ಅರ್ಥ ಕೋಣೆ, ಅಷ್ಟೇ. ಇದು ಉದಾರ ಪಂಥದ ಸಿನಗಾಗ್. ತಂದೆ ತಾಯಿಯರಲ್ಲಿ ಒಬ್ಬರು ಯೆಹೂದಿಯಾದರೂ ಮಗುವನ್ನು ಸೇರಿಸಿಕೊಳ್ಳುತ್ತಾರೆ. ಸಿಪೋರಾ ಇಲ್ಲಿ ಪಾಠ ಹೇಳಲು ಶುರುಮಾಡಿ ಮೂವತ್ತೊಂದು ವರ್ಷ. ವರ್ಷಕ್ಕೆ ಮೂವತ್ತಮೂರು ಭಾನುವಾರ. ಸಿನಗಾಗಿನ ವೆಬ್‌ಸೈಟಿನಲ್ಲಿ ಅವರ ಹೆಸರಿಲ್ಲ; ‘ನಮ್ಮ ಸ್ವಯಂಸೇವಕರು’ ಎಂಬ ಒಂದು ಪದದೊಳಗೆ ಅವರೂ ಇದ್ದಾರೆ.

ಅವರು ಹುಟ್ಟಿದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿ, ಮರಾಠಿಯನ್ನೇ ಮನೆಮಾತು ಮಾಡಿಕೊಂಡ ಬೆನೆ ಇಸ್ರಾಯೇಲ್ ಯೆಹೂದ್ಯರು ಇವರು. ತಂದೆ ಅಬ್ರಹಾಂ ಪೆಣ್ಕರ್ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವರಿಗೆ ಗೊತ್ತಿದ್ದ ಹಾಗೆ ಆಗ ಇಡೀ ಹುಬ್ಬಳ್ಳಿಯಲ್ಲಿ ಯೆಹೂದ್ಯರ ಮನೆ ಎರಡೇ. ಸಿನಗಾಗ್ ನೋಡಬೇಕೆಂದರೆ ವರ್ಷಕ್ಕೊಮ್ಮೆ ಮುಂಬೈ ರೈಲು ಹತ್ತಬೇಕು.

“ಶುಕ್ರವಾರ ಸಂಜಿಗೆ ವರ್ಕ್‌ಶಾಪಿನ ಸೈರನ್ ಆಗತಿತ್ತು. ಅಪ್ಪ ಕೈಯಾಗಿನ ಎಣ್ಣಿ ತಿಕ್ಕಿ ತಿಕ್ಕಿ ತೊಳಕೊಳ್ಳಾಂವ. ಅವ್ವ ಗಾಜಿನ ಲೋಟದಾಗ ಕೊಬ್ರಿ ಎಣ್ಣಿ ಹಾಕಿ ದೀಪಾ ಹಚ್ಚಾಕಿ. ಮರುದಿನ ಶನಿವಾರ ನಮಗ ದೇವರು ಹೇಳಿದ ವಿಶ್ರಾಂತಿ ದಿನಾ, ನಾವು ಬೆಂಕಿ ಮುಟ್ಟಂಗಿಲ್ಲ. ಬಾಜೂ ಮನಿ ಅಂಬುಜಾಬಾಯಿ ತಾವಾಗೇ ಬಂದು ‘ಒಲಿ ಹಚ್ಚಲೇನ್ರಿ’ ಅಂತ ಕೇಳಿ ಹಚ್ಚಿ ಹೋಗತಿದ್ರು. ಯಾಕ, ಏನು ಅಂತ ಒಂದಿನಾ ಕೇಳಲಿಲ್ಲ. ನಮ್ಮನ್ಯಾಗ ಶನಿವಾರದ ಚಾ ಅಂದ್ರ ಅಂಬುಜಾಬಾಯಿ ಹಚ್ಚಿದ ಒಲಿ ಚಾ.”

ಭಾನುವಾರ ವರ್ಕ್‌ಶಾಪಿಗೆ ರಜೆ. ಅಂದು ತಂದೆ ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಸೀಮೆಸುಣ್ಣದಲ್ಲಿ ಹೀಬ್ರೂ ಅಕ್ಷರ ಬರೆಸುತ್ತಿದ್ದರು. ಅವರ ಪ್ರಾರ್ಥನಾ ಪುಸ್ತಕದಲ್ಲಿ ಹೀಬ್ರೂ ಸಾಲಿನ ಕೆಳಗೆ ಅದೇ ಉಚ್ಚಾರಣೆ ಮರಾಠಿ ಲಿಪಿಯಲ್ಲಿ ಅಚ್ಚಾಗಿತ್ತು. ಸಿಪೋರಾ ಹೋಗುತ್ತಿದ್ದುದು ಕನ್ನಡ ಶಾಲೆಗೆ. ತನಗೆ ಓದಲು ಸುಲಭವಾಗಲಿ ಎಂದು ಆಕೆ ಒಂದು ನೋಟುಬುಕ್ಕಿನಲ್ಲಿ ಪ್ರಾರ್ಥನೆಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡರು. ಖಾಕಿ ರಟ್ಟು ಹಾಕಿದ ಆ ನೋಟುಬುಕ್ಕು ಇವತ್ತಿಗೂ ಇದೆ.

೧೯೮೧ರಲ್ಲಿ ಮದುವೆಯಾಗಿ ಲಂಡನ್ನಿಗೆ ಬಂದರು. ಪತಿ ಮೋಸೆಸ್ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸಿಪೋರಾ ಒಂದು ಪ್ರೈಮರಿ ಶಾಲೆಯ ಅಡುಗೆಮನೆಗೆ ಸೇರಿ ಇಪ್ಪತ್ತೇಳು ವರ್ಷ ಆಲೂಗಡ್ಡೆ ಸುಲಿದರು. ಬಂದ ಹೊಸತರಲ್ಲಿ ಬೇರೊಂದು ಬಡಾವಣೆಯ ಸಿನಗಾಗಿಗೆ ಹೋದಾಗ ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು, ‘ನೀವು ಯಾವಾಗ ಮತಾಂತರ ಆದಿರಿ?’ ಎಂದು ಕೇಳಿದರಂತೆ.

“ಕೆಟ್ಟ ಮನಸಿಂದ ಕೇಳಲಿಲ್ಲ ಅವರು. ಸೀರಿ ಉಟ್ಟ ಯೆಹೂದಿನ್ನ ನೋಡಿರಲಿಲ್ಲ, ಅಷ್ಟ. ನಮ್ಮ ಅಜ್ಜಿಯ ಅಜ್ಜೀನೂ ಶುಕ್ರವಾರ ದೀಪಾ ಹಚ್ಚತಿದ್ದಳ್ರಿ ಅಂದೆ. ಅಂದು ಮನಿಗೆ ಬಂದ ಮ್ಯಾಲ ಮೂರು ವರ್ಷ ಯಾವ ಸಿನಗಾಗಿಗೂ ಹೋಗಲಿಲ್ಲ.”

ಮಗಳು ಯಾಯೆಲ್ ಶಾಲೆಗೆ ಹೋಗುವಷ್ಟಾದ ಮೇಲೆ ಕೆಂಟನ್ನಿನ ಹೇದರ್‌ಗೆ ಸೇರಿಸಿದರು. ಮಕ್ಕಳಿಗೆ ಜ್ಯೂಸ್ ಬಗ್ಗಿಸಿ ಕೊಡುವುದು ಆಗ ಅವರ ಕೆಲಸ. ಒಂದು ಭಾನುವಾರ ಟೀಚರ್ ಜ್ವರದಿಂದ ಬರಲಿಲ್ಲ. ಹದಿನೆಂಟು ಮಕ್ಕಳು ಗದ್ದಲ ಹಾಕುತ್ತಿದ್ದರು. ಜ್ಯೂಸಿನ ಜಗ್ಗು ಕೆಳಗಿಟ್ಟು ಸಿಪೋರಾ ಬೋರ್ಡಿನ ಮುಂದೆ ನಿಂತರು. ಟೀಚರ್ ಗುಣವಾಗಿ ಬಂದ ಮೇಲೂ ಮಕ್ಕಳು ಅವರನ್ನು ಬಿಡಲಿಲ್ಲ. ೨೦೦೩ರಲ್ಲಿ ಮೋಸೆಸ್ ಹೃದಯಾಘಾತದಿಂದ ತೀರಿಕೊಂಡಾಗ ಏಳು ದಿನದ ಸೂತಕ ಮುಗಿಸಿ, ಅದರ ಮುಂದಿನ ಭಾನುವಾರವೇ ಹಾಲ್‌ಗೆ ಬಂದರು. “ಮನ್ಯಾಗ ಗಡಿಯಾರದ ಸದ್ದು ಜಾಸ್ತಿ ಆಗಿತ್ತು” ಎನ್ನುತ್ತಾರೆ.

ದೊಡ್ಡ ಪೆಟ್ಟು ಬಿದ್ದದ್ದು ಕೋವಿಡ್ ನಂತರ. ಎರಡು ವರ್ಷ ಪಾಠವೆಲ್ಲ ಕಂಪ್ಯೂಟರ್ ಪರದೆಯಲ್ಲಿ ನಡೆಯಿತು. ಹಾಲ್ ಮತ್ತೆ ತೆರೆದಾಗ ನಲವತ್ತೊಂದು ಮಕ್ಕಳಲ್ಲಿ ತಿರುಗಿ ಬಂದವರು ಒಂಬತ್ತು. ಕೆಲವರಿಗೆ ಭಾನುವಾರ ಫುಟ್‌ಬಾಲ್, ಕೆಲವರಿಗೆ ಟ್ಯೂಷನ್. ಎರಡು ಕುಟುಂಬ ಸ್ಟ್ರಾಟ್‌ಫರ್ಡ್ ಕಡೆಗೆ ಮನೆ ಬದಲಿಸಿದ್ದವು. ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಸಿನಗಾಗಿನ ಸಮಿತಿ ಸಭೆ ಸೇರಿತು. ಹೇದರ್ ಮುಚ್ಚಿ, ಉಳಿದ ಮಕ್ಕಳನ್ನು ದೂರದ ಇನ್ನೊಂದು ದೊಡ್ಡ ಹೇದರ್‌ಗೆ ಕಳಿಸುವುದೆಂಬ ಸೂಚನೆಯನ್ನು ಅಧ್ಯಕ್ಷ ಹೋವರ್ಡ್ ಓದಿದರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಭೆಯಲ್ಲೂ ಬಾಯಿ ತೆರೆಯದಿದ್ದ ಸಿಪೋರಾ ಎದ್ದು ನಿಂತು, ಒಂದು ಟರ್ಮ್ ಸಮಯ ಕೊಡಿ ಎಂದರು. ಏನು ಮಾಡುತ್ತೀರಿ ಎಂದು ಯಾರೋ ಕೇಳಿದರು. ಗೊತ್ತಿಲ್ಲ ಎಂದರು.

ಬಿಟ್ಟುಹೋದ ಇಪ್ಪತ್ತಮೂರು ಮನೆಗಳಿಗೆ ಬಸ್ಸಿನಲ್ಲಿ, ಟ್ಯೂಬ್ ರೈಲಿನಲ್ಲಿ, ನಡೆದುಕೊಂಡು ಹೋದರು. ಬೈಯಲು ಹೋದದ್ದಲ್ಲ, ಯಾಕೆಂದು ಕೇಳಲು. ಏಳನೆಯ ಮನೆಯಲ್ಲೋ ಎಂಟನೆಯದರಲ್ಲೋ ಒಬ್ಬ ತಾಯಿ ಅಡುಗೆಮನೆಯಲ್ಲಿ ಚಹಾ ಕೊಡುತ್ತ ನಿಜ ಹೇಳಿದಳು. ಮಗಳು ಹೇದರ್‌ನಿಂದ ಬಂದು ಇದು ಯಾಕೆ, ಅದು ಯಾಕೆ ಎಂದು ಕೇಳುತ್ತಾಳೆ. ನನಗೆ ಒಂದಕ್ಕೂ ಉತ್ತರ ಗೊತ್ತಿಲ್ಲ. ಅವಳು ಕೇಳದಿದ್ದರೇ ನನಗೆ ನೆಮ್ಮದಿ ಎಂದಳು. ಆಮೇಲಿನ ಮನೆಗಳಲ್ಲಿ ಸಿಪೋರಾ, ಮಗು ಕೇಳಿದ್ದಕ್ಕೆ ನಿಮಗೆ ಉತ್ತರ ಹೇಳಲು ಬರುತ್ತದೆಯೇ ಎಂದು ಕೇಳಿ ನೋಡಿದರು. ಹೆಚ್ಚಿನ ಕಡೆ ಅದೇ ಉತ್ತರ ಬಂತು.

“ಅಂದ ನನಗ ತಿಳೀತು. ಮೂವತ್ತು ವರ್ಷ ನಾ ಕೂಸಿಗೆ ಒಂದ ಕಲಿಸಿದೆ. ಅದು ಮನಿಗೆ ಹೋಗಿ ಯಾರ ಜೋಡಿ ಮಾತಾಡಬೇಕು?”

ಹಾಗೆ ದೊಡ್ಡವರ ಕುರ್ಚಿಗಳು ಹಾಲ್‌ಗೆ ಬಂದವು. ಮಗುವನ್ನು ಗೇಟಿನಲ್ಲಿ ಬಿಟ್ಟು ಸೂಪರ್‌ಮಾರ್ಕೆಟ್ಟಿಗೆ ಹೋಗುವಂತಿಲ್ಲ, ಹಿಂದೆ ಕೂತು ಕಲಿಯಬೇಕು. ಮೊದಲ ಭಾನುವಾರ ಬಂದ ಪೋಷಕರು ನಾಲ್ವರು. ಒಬ್ಬರು ಕೊನೆಯವರೆಗೂ ಫೋನಿನಿಂದ ತಲೆ ಎತ್ತಲಿಲ್ಲ. ಎರಡನೆಯ ಭಾನುವಾರ ಹೋವರ್ಡ್ ಬಂದು ಕೊನೆಯ ಕುರ್ಚಿಯಲ್ಲಿ ಕೂತರು. ಪರೀಕ್ಷೆ ಮಾಡಲು ಬಂದಿದ್ದಾರೆಂದು ಸಿಪೋರಾ ತಿಳಿದರು. ಪಾಠ ಮುಗಿದ ಮೇಲೆ ಹೋವರ್ಡ್ ಅವರ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ತನಗೂ ಹೀಬ್ರೂ ಓದಲು ಬರುವುದಿಲ್ಲ ಎಂದರು. ಹದಿಮೂರನೆಯ ವಯಸ್ಸಿನಲ್ಲಿ ಸಭೆಯ ಮುಂದೆ ಧರ್ಮಗ್ರಂಥ ಓದಬೇಕಾದಾಗ ಟೇಪ್ ಕೇಳಿ ಬಾಯಿಪಾಠ ಮಾಡಿ ಒಪ್ಪಿಸಿದ್ದು; ಅಂದಿನಿಂದ ಐವತ್ತು ವರ್ಷ ಪ್ರಾರ್ಥನಾ ಪುಸ್ತಕ ಹಿಡಿದು ತುಟಿ ಆಡಿಸುತ್ತ ಬಂದಿದ್ದರು. ಈಗಲೂ ಅವರು ಪ್ರತಿ ವಾರ ಬರುತ್ತಾರೆ, ಆರು ವರ್ಷದ ಮಕ್ಕಳ ಹಿಂದೆ ಕೂರುತ್ತಾರೆ. ಈ ಸಂಗತಿ ಬರೆಯಿರಿ ಎಂದವರೂ ಅವರೇ.

ಅದೇ ಟರ್ಮಿನಲ್ಲಿ ಸಿಪೋರಾ ಕಿಟಕಿಯಿಂದ ಒಂದು ಕಾರನ್ನು ಗಮನಿಸಿದರು. ಹತ್ತು ವರ್ಷದ ಜಾಹ್ನವಿಯನ್ನು ಇಳಿಸಿ ಅವಳ ತಾಯಿ ಮೂರು ಗಂಟೆ ಕಾರಿನಲ್ಲೇ ಕೂತಿರುತ್ತಿದ್ದಳು. ಒಮ್ಮೆ ಗೇಟಿನಲ್ಲಿ ಆ ತಾಯಿ ‘ಜಿಪ್ ಹಾಕ್ಕೋ ಪುಟ್ಟಾ, ಚಳಿ’ ಎಂದದ್ದು ಕಿವಿಗೆ ಬಿದ್ದಿತ್ತು. ಮುಂದಿನ ವಾರ ಒಂದು ತಟ್ಟೆಯಲ್ಲಿ ಮಲಿದಾ ಹಾಕಿಕೊಂಡು ಹೋಗಿ ಕಾರಿನ ಗಾಜು ತಟ್ಟಿದರು.

“ಒಳಗ ಬರ್ರಿ, ಹೊರಗ ಭಾಳ ಥಂಡಿ ಐತಿ.”

ಕಾರಿನಲ್ಲಿದ್ದ ತಾಯಿ ಚಿನ್ಮಯಿ ಕಣ್ಣರಳಿಸಿದಳು. ಬೆಂಗಳೂರಿನ ಹುಡುಗಿ, ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಕೆಲಸ. ಪತಿ ಸೈಮನ್ ಯೆಹೂದಿ. “ಆಂಟಿ, ನೀವು ಕನ್ನಡದವರಾ?”

“ಹುಬ್ಬಳ್ಳಿ. ರೈಲ್ವೆ ಕ್ವಾರ್ಟರ್ಸ್.”

“ನಾನು ಯೆಹೂದಿ ಅಲ್ಲ ಆಂಟಿ. ಒಳಗೆ ಬಂದು ಏನ್ ಮಾಡ್ಲಿ? ಮನೇಲಿ ನಂದೂ ದೇವರ ಮನೆ ಇದೆ. ಎಲ್ಲಾ ಕಲಸುಮೇಲೋಗರ ಆಗತ್ತೇನೋ ಅಂತ ಭಯ.”

“ನಿಮ್ಮ ದೇವರ ಮನಿ ಹೆಂಗೈತಿ ಹಂಗ ಇರಲಿ. ನಾ ಓದಾಕ ಕಲಸತೇನಿ, ಮತಾ ಬದಲಿ ಮಾಡಾಕಲ್ಲ. ಮಗಳು ಏನು ಓದತಾಳ ಅಂತ ನಿಮಗ ಗೊತ್ತಿರಬೇಕಿಲ್ಲೇನು?”

ಚಿನ್ಮಯಿ ಅವತ್ತು ಬರಲಿಲ್ಲ. ತಟ್ಟೆ ಮಾತ್ರ ತೊಳೆದು ಕಳಿಸಿದಳು. ಮೂರನೆಯ ವಾರ ಬಂದು ಮಗಳ ಹಿಂದೆ ಕೂತಳು. ಅಕ್ಷರದ ಕೆಳಗೆ ಚುಕ್ಕೆ, ಗೆರೆ ಹಾಕಿ ಸ್ವರ ತೋರಿಸುವುದನ್ನು ಕಂಡು ತಬ್ಬಿಬ್ಬಾದವಳಿಗೆ ಸಿಪೋರಾ, “ನಮ್ಮ ಕಾಗುಣಿತ ಇದ್ದಂಗ. ಇಳಿ, ಕೊಂಬು ಇರೂದಿಲ್ಲೇನು, ಹಂಗ” ಎಂದರು. ಆಮೇಲೆ ಖಾಕಿ ರಟ್ಟಿನ ನೋಟುಬುಕ್ಕು ತಂದುಕೊಟ್ಟರು. ಹುಬ್ಬಳ್ಳಿಯ ಹುಡುಗಿಯ ದುಂಡು ಕನ್ನಡ ಅಕ್ಷರಗಳ ಮೇಲೆ ಬೆರಳಿಟ್ಟು ಚಿನ್ಮಯಿ ಹೀಬ್ರೂ ಓದಲು ಕಲಿತಳು. “ಅಲ್ಲಿವರೆಗೆ ನನ್ನ ಮಗಳ ಅರ್ಧ ಜೀವನ ನನಗೆ ಸಬ್‌ಟೈಟಲ್ ಇಲ್ಲದ ಸಿನಿಮಾ ಥರ ಇತ್ತು” ಎನ್ನುತ್ತಾಳೆ ಈಗ.

ಕಳೆದ ಅಕ್ಟೋಬರಿನಲ್ಲಿ ಜಾಹ್ನವಿಗೆ ಹದಿಮೂರು ತುಂಬಿತು. ಆ ವಯಸ್ಸಿನಲ್ಲಿ ಮಗು ಇಡೀ ಸಭೆಯ ಮುಂದೆ ನಿಂತು ಧರ್ಮಗ್ರಂಥದ ಸುರುಳಿಯಿಂದ ಓದಬೇಕು. ಸುರುಳಿಯಲ್ಲಿ ಸ್ವರದ ಚುಕ್ಕೆಗಳಿರುವುದಿಲ್ಲ. ಬರಿಯ ವ್ಯಂಜನ ನೋಡಿ ನೆನಪಿನಿಂದ ಸ್ವರ ತುಂಬಬೇಕು. ನಾಲ್ಕನೆಯ ಸಾಲಿನಲ್ಲಿ ಜಾಹ್ನವಿ ನಿಂತುಬಿಟ್ಟಳು. ಓದುವ ಸಾಲನ್ನು ತೋರಿಸುವ ಬೆಳ್ಳಿಯ ಕಡ್ಡಿ ಒಂದೇ ಪದದ ಮೇಲೆ ನಿಂತಿತ್ತು. ಹಿಂದಿನ ಸಾಲಿನಲ್ಲಿದ್ದ ಸಿಪೋರಾಗೆ ಆ ಪದ ನಾಲಿಗೆಯ ತುದಿಯಲ್ಲಿತ್ತು.

“ಹೇಳಿಬಿಡಬೇಕು ಅನಿಸಿತು. ಬಾಯಿ ಗಟ್ಟಿ ಹಿಡದೆ. ಅಷ್ಟರಾಗ ಮುಂದಿನ ಸಾಲಿನಿಂದ ಬಂತು. ಸಣ್ಣ ದನಿ. ಚಿನ್ಮಯೀದು.”

ತಾಯಿ ಹೇಳಿಕೊಟ್ಟ ಪದವನ್ನು ಹಿಡಿದು ಮಗಳು ಮುಂದೆ ಓದಿದಳು. ಕೊನೆಯವರೆಗೆ ಎಲ್ಲೂ ತಡವರಿಸಲಿಲ್ಲ. ಸಿಪೋರಾ ಕರವಸ್ತ್ರ ಹುಡುಕಿದರು. ಸಿಗದೆ ಸೆರಗಿನಲ್ಲೇ ಕಣ್ಣೊರೆಸಿಕೊಂಡರು.

ಈಗ ಹೇದರ್‌ನಲ್ಲಿ ಇಪ್ಪತ್ತಾರು ಮಕ್ಕಳು, ಹದಿನೇಳು ದೊಡ್ಡವರು. ಮುಚ್ಚುವ ಮಾತು ಸದ್ಯಕ್ಕೆ ನಿಂತಿದೆ. ಆದರೆ ಎಲ್ಲ ಸರಿಹೋಯಿತೆಂದು ಸಿಪೋರಾ ಹೇಳುವುದಿಲ್ಲ. ಮ್ಯಾಂಚೆಸ್ಟರಿನಲ್ಲಿರುವ ಯಾಯೆಲ್‌ಳ ಇಬ್ಬರು ಮಕ್ಕಳು ಭಾನುವಾರ ಈಜಲು ಹೋಗುತ್ತಾರೆ. “ನಾನೂರು ಮಕ್ಕಳಿಗೆ ಪಾಠ ಹೇಳೇನಿ. ನನ್ನ ಮೊಮ್ಮಕ್ಕಳಿಗೆ ಮೊದಲನೇ ಅಕ್ಷರಾನೂ ಬರಂಗಿಲ್ಲ. ಮಗಳಿಗೆ ಒತ್ತಾಯ ಮಾಡಲಿಲ್ಲ, ಮಾಡೂದೂ ಇಲ್ಲ. ಇದನ್ನೂ ಬರೀರಿ. ಬರೇ ಚಲೋದ್ದಷ್ಟ ಬರದ್ರ ಸುಳ್ಳಾಗತೈತಿ.”

ಹನ್ನೆರಡೂವರೆಗೆ ಪಾಠ ಮುಗಿಯುತ್ತದೆ. ಇವತ್ತು ಕೊನೆಯ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದಬೇಕು. ಮಕ್ಕಳು ಓಡುತ್ತಾರೆ, ದೊಡ್ಡವರು ಎಡವುತ್ತಾರೆ, ಹೋವರ್ಡ್ ಎಲ್ಲರಿಗಿಂತ ಎರಡು ಪದ ಹಿಂದೆ ಬರುತ್ತಾರೆ. ಸಿಪೋರಾ ಯಾರನ್ನೂ ನಿಲ್ಲಿಸುವುದಿಲ್ಲ. ಇಷ್ಟು ತಪ್ಪು ಕೇಳಿಕೊಂಡು ಹೇಗೆ ಸುಮ್ಮನಿರುತ್ತೀರಿ ಎಂದರೆ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಉತ್ತರಿಸುತ್ತಾರೆ.

“ನಮ್ಮಪ್ಪ ಜೀವನಾ ಪೂರ್ತಿ ಪ್ರಾರ್ಥನಾ ಬಾಯಾಗ ಓದಿದ, ಯಾರಿಗೂ ಕೇಳಿಸದಂಗ. ತಪ್ಪಾದೀತು ಅನ್ನೂ ಅಂಜಿಕಿ. ತಿದ್ದಾಕ ಹುಬ್ಬಳ್ಳ್ಯಾಗ ಯಾರಿದ್ರು? ಇವರು ತಪ್ಪಾದ್ರೂ ಜೋರಾಗಿ ಓದತಾರ ನೋಡ್ರಿ. ನನಗ ಅಷ್ಟ ಸಾಕು.”