ನೊಣಗಳಿಗೂ ಶುಗರ್

ಪ್ರಯೋಗಾಲಯದ ಹಣ್ಣುನೊಣಗಳಿಗೆ ಮೇವು ಬೇಕಾಗಿತ್ತು. ಅಂತರಸಂತೆಯ ವಾರದ ಸಂತೆಯಲ್ಲಿ ಹಣ್ಣು ಮಾರುವ ಹೆಂಗಸೊಬ್ಬಳ ಹತ್ತಿರ ಕೊಳೆತ ಬಾಳೆಹಣ್ಣು ಕೇಳಿದೆ. ಚೀಲಕ್ಕೆ ತುಂಬಿಕೊಡುತ್ತಾ, "ಇವು ಯಾಕ್ರೀ?" ಅಂದಳು.

"ನೊಣ ಹಸಿದಾಗ ಅದರ ಮೈಯಲ್ಲೊಂದು ಹಾರ್ಮೋನು ಕೊಬ್ಬು ಕರಗಿಸಿ ಶಕ್ತಿ ಕೊಡುತ್ತವ್ವ. ಇಂಥವು ಏರುಪೇರಾದ್ರೆ ನಮ್ಮಂಗೇ ಅದಕ್ಕೂ ಶುಗರ್ ಬರುತ್ತೆ. ಅದನ್ನೇ ನೋಡ್ತಿದೀನಿ."

ಶುಗರ್ ಅಂದದ್ದೇ ತಪ್ಪಾಯಿತು. ಚೀಲ ವಾಪಸ್ ಕಿತ್ತುಕೊಂಡಳು.

"ಶುಗರ್ ಇರೋವ್ಕೆ ಬಾಳೆಹಣ್ಣು ತಿನ್ನಿಸ್ತೀರಾ? ನಮ್ಮೆಜಮಾನ್ರಿಗೇ ನಾನು ಕೊಡಾಕಿಲ್ಲ ಕಣ್ರೀ. ರಾಗಿಮುದ್ದೆ ಆಕಿ, ಬದುಕ್ಕೊಳ್ಲಿ!"

ಎಷ್ಟು ಗೋಗರೆದರೂ ಜಗ್ಗಲಿಲ್ಲ. ಬರಿಗೈಲಿ ಹೊರಟವನು ತಿರುಗಿ ನೋಡಿದರೆ, ಆಯಮ್ಮ ತನ್ನ ಬುಟ್ಟಿಯ ಮೇಲೆ ಕೂತ ನೊಣಗಳನ್ನು ಸೆರಗಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದಳು: "ಸಾಕು, ಏಳ್ರಪ್ಪಾ. ನಿಮ್ಗೆ ಶುಗರ್ ಅಂತೆ."