ಓಟದಣ್ಣನ ಎಡಮಂಡಿ

ಕಟಿಂಗ್ ಶಾಪಿನ ಓಟದಣ್ಣ ಬೆಳಗಿನ ಓಟಕ್ಕೆ ಹೊರಟರೆ ಬೀದಿನಾಯಿಗಳು ಮೊದಮೊದಲು ಅಟ್ಟಿಸಿಕೊಂಡು ಬರುತ್ತಿದ್ದವು. ಆಮೇಲಾಮೇಲೆ ಪಾಪ ಅನ್ನಿಸಿ ಪಕ್ಕದಲ್ಲಿ ನಡೆದುಕೊಂಡೇ ಬರತೊಡಗಿದವು. ಅಷ್ಟು ನಿಧಾನ. ಒಂದು ಬಸವನಹುಳು ಹಿಂದಿನಿಂದ ಹಾರ್ನ್ ಹೊಡೆದು ದಾರಿ ಕೇಳಿತಂತೆ ಎನ್ನುವವರೂ ಇದ್ದಾರೆ. ಅದು ಅತಿಯಾಯಿತು, ಬಸವನಹುಳುವಿಗೆ ಹಾರ್ನ್ ಇರುವುದಿಲ್ಲ.

ವರ್ಷಕ್ಕೊಮ್ಮೆ ನಡೆಯುವ ಊರ ದೊಡ್ಡ ಓಟದಲ್ಲಿ ಅವನು ಸೋಲಿಸಿದ್ದು ಬೇಕರಿಯವನೊಬ್ಬನನ್ನೇ. ಆದರೂ ಬಿಟ್ಟವನಲ್ಲ. ಹಗಲೆಲ್ಲ ಒಂದು ಕುರ್ಚಿಯ ಸುತ್ತ ಗಾಣದೆತ್ತಿನ ಹಾಗೆ ಸುತ್ತುವವನಿಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ಮೂಗಿನ ನೇರಕ್ಕೆ ಹೋಗುವುದೆಂದರೆ ಸ್ವರ್ಗ. ಆ ಸ್ವರ್ಗದ ಬಾಗಿಲನ್ನು ಎಡಮಂಡಿ ಮುಚ್ಚಿಬಿಟ್ಟಿತು. ಇಳಿಜಾರಿನಲ್ಲಿ ಕಾಲು ತಿರುಚಿದ್ದಷ್ಟೇ ನೆಪ. ಸಂಜೆಯ ಹೊತ್ತಿಗೆ ಮಂಡಿ ಕುಂಬಳಕಾಯಿಯಾಗಿತ್ತು, ಪ್ಯಾಂಟಿನ ಒಂದು ಕಾಲು ಬಿಚ್ಚಲು ಮನೆಮಂದಿಯೆಲ್ಲ ಸೇರಿ ಎಳೆಯಬೇಕಾಯಿತು.

ಹೆಂಡತಿ ಬಿಸಿ ಶಾಖ ಕೊಟ್ಟಳು. ಬಾಮೈದ ಬಂದು, "ಬಿಸಿ ಇಡ್ತಾರಾ ಭಾವ? ಐಸ್ ಇಡಬೇಕು," ಎಂದು ಐಸ್ ಕಟ್ಟಿದ. ಒಂದೇ ಮಂಡಿಗೆ ಬೆಳಿಗ್ಗೆ ಬೇಸಿಗೆ, ಸಂಜೆ ಚಳಿಗಾಲ. ಗಿರಾಕಿಗಳಲ್ಲಿ ಅರ್ಧ ಜನ ನಡೀಬೇಕು ಎಂದರು, ಅರ್ಧ ಜನ ಮಲಗಬೇಕು ಎಂದರು. ಇಬ್ಬರ ಮಾತಿಗೂ ಬೆಲೆ ಕೊಟ್ಟು ಅವನು ಗೋಡೆಗೊರಗಿ ನಿಂತುಕೊಂಡ. ಕೊನೆಗೆ ಹೆಂಡತಿಯೇ ರೇಗಿ, ಫಿಸಿಯೋಥೆರಪಿ ಮೇಡಂ ಹತ್ತಿರ ಎಳೆದುಕೊಂಡು ಹೋದಳು.

ಸಣ್ಣ ಕೋಣೆ. ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ಎದುರುಬದುರಾಗಿ ಎರಡು ಮಂಚ, ಮೂಲೆಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ. ಅದರ ಬೋಳುತಲೆ ನೋಡಿ ಅವನಿಗೆ, ಇಲ್ಲಿ ನಮಗೆ ವ್ಯಾಪಾರವಿಲ್ಲ ಎನ್ನಿಸಿತು.

"ಮೇಡಂ, ಒಂದೇ ಮಾತು ಹೇಳಿಬಿಡಿ. ನಾನು ಇನ್ನು ಓಡ್ತೀನೋ ಇಲ್ವೋ?"

"ಅದನ್ನ ಕಾಲು ಹೇಳಬೇಕು, ನಾನಲ್ಲ," ಎಂದು ಮೇಡಂ ಮಂಡಿಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು, ಬೀಗದ ಕೈ ತಿರುಗಿಸುವವರ ಹಾಗೆ ಮೆಲ್ಲಗೆ ಆಡಿಸಿದರು. ಸೊಂಟ ಒತ್ತಿದರು, ಪಾದ ತಿರುಗಿಸಿದರು. "ನೋಡಿ, ನೋವು ಕಾಣೋ ಜಾಗ ಒಂದು, ತಪ್ಪಿರೋ ಜಾಗ ಇನ್ನೊಂದು. ಇವತ್ತು ಊತ ಇದೆ, ನೀವೇನೂ ಮಾಡಬೇಡಿ, ನಾನು ಮಾಡೋದನ್ನ ಸುಮ್ನೆ ನೋಡ್ಕೊಳ್ಳಿ. ಊತ ಇಳಿದ ಮೇಲೆ ಮನೇಲಿ ಶುರು ಮಾಡಿ."

ಎದುರಿನ ಮಂಚದ ಮೇಲೆ ಕೂತು, ತಮ್ಮ ಎಡಗಾಲನ್ನು ನೇರ ಚಾಚಿ, ಎತ್ತಿ, ತಡೆದು, ಇಳಿಸಿದರು. "ಈ ಕಾಲು, ಹೀಗೆ. ಗೊತ್ತಾಯ್ತಾ?"

ಅವನು ಗೋಣು ಹಾಕಿದ. ಬಾಳೆಲ್ಲ ಕನ್ನಡಿಯಲ್ಲಿ ನೋಡಿಯೇ ಕೆಲಸ ಮಾಡಿದವನು. ಎದುರಿಗೆ ಯಾವ ಬದಿಯಲ್ಲಿ ಕಂಡಿತೋ, ತನ್ನದೂ ಅದೇ ಬದಿ. ಅವನ ಲೆಕ್ಕಕ್ಕೆ ಮೇಡಂ ಎತ್ತಿದ್ದು ಬಲಗಾಲು. ನೋಯುತ್ತಿರುವುದು ಎಡವಲ್ಲವೇ ಎಂಬ ಅನುಮಾನ ಬಂತು. ಆದರೆ ತಪ್ಪಿರುವ ಜಾಗವೇ ಬೇರೆ ಎಂದು ಅವರೇ ಹೇಳಿದ್ದಾರಲ್ಲ! ಕಳ್ಳ ಬಲಗಾಲು, ಪೆಟ್ಟು ತಿಂದದ್ದು ಪಾಪದ ಎಡಗಾಲು. ವಿದ್ಯೆ ಅಂದರೆ ಇದು ಎಂದುಕೊಂಡ.

ವಾರಗಟ್ಟಲೆ ಬಲಗಾಲಿನ ತಪಸ್ಸು ನಡೆಯಿತು. ಬೆಳಿಗ್ಗೆ, ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಶಾಪಿನ ಬೆಂಚಿನ ಮೇಲೆ. ಬಲತೊಡೆ ಆನೆಯ ತೊಡೆಯಾಯಿತು. ಆ ಕಾಲು ನೆಲಕ್ಕೂರಿದರೆ ಪಕ್ಕದ ಅಂಗಡಿಯ ಡಬ್ಬಗಳು ಅದುರುತ್ತಿದ್ದವು. ಎಡಮಂಡಿ ಮಾತ್ರ ಮೆಟ್ಟಿಲು ಕಂಡರೆ ಈಗಲೂ ಮುಲುಗುತ್ತಿತ್ತು.

ಮತ್ತೆ ತೋರಿಸಲು ಹೋದಾಗ ಮೇಡಂ ಟೇಪು ಹಿಡಿದು ತೊಡೆ ಅಳೆದರು. ಇನ್ನೊಮ್ಮೆ ಅಳೆದರು. ಟೇಪನ್ನೇ ತಿರುಗಿಸಿ ನೋಡಿದರು.

"ಮನೇಲಿ ಹೇಗೆ ಮಾಡ್ತೀರಿ, ಒಂದ್ಸಲ ತೋರಿಸಿ."

ಅವನು ಹೆಮ್ಮೆಯಿಂದ ಬಲಗಾಲು ಎತ್ತಿದ.

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತಲ್ರೀ!"

"ಮೇಡಮ್ಮೇ ತೋರಿಸಿದ್ದು ಕಣೆ!"

"ಅವರು ತೋರಿಸಿದ್ದು ಎಡ!"

"ನಂಗೆ ಕಂಡಿದ್ದು ಬಲ!"

ಮೇಡಂ ಒಂದು ಗಳಿಗೆ ಕಣ್ಣುಮುಚ್ಚಿದರು, ನಗು ತಡೆಯಲೋ ಸಿಟ್ಟು ತಡೆಯಲೋ. "ತಪ್ಪು ನನ್ನದೂ ಇದೆ. ಎದುರಿಗೆ ಕೂತು ತೋರಿಸಬಾರದಿತ್ತು," ಎಂದು ಎದ್ದು ಬಂದು ಅವನ ಪಕ್ಕದಲ್ಲೇ, ಒಂದೇ ಮಂಚದ ಮೇಲೆ ಕೂತರು. "ನಾನು ಬೇರೆ ಜಾಗ ಅಂದಿದ್ದು ಸೊಂಟಕ್ಕೆ. ಎಲ್ಲಿ, ಕಟಿಂಗ್ ಮಾಡೋ ಹಾಗೆ ನಿಂತ್ಕೊಳ್ಳಿ."

ಅವನು ಎದ್ದು ಅಸ್ಥಿಪಂಜರದ ಹಿಂದೆ ನಿಂತ. ಬೆರಳುಗಳು ತಾವಾಗಿಯೇ ಕತ್ತರಿಯಾದವು. ಮೈಯಷ್ಟೂ ಭಾರ ಎಡಗಾಲಿಗೆ ಬಂತು, ಸೊಂಟ ಒಂದು ಕಡೆ ಜೋತುಬಿತ್ತು.

"ಇಲ್ಲಿದೆ ನೋಡಿ ನಿಮ್ಮ ಮಂಡಿನೋವು," ಎಂದರು ಮೇಡಂ. ಸೊಂಟದ ಪಕ್ಕದ ಸ್ನಾಯುವನ್ನು ಬೆರಳಿಂದ ಒತ್ತಿದಾಗ ಅವನಿಗೆ ಹಗಲಲ್ಲೇ ನಕ್ಷತ್ರ ಕಂಡವು. "ಇದು ಸೋತಿದೆ. ಇದರ ಕೆಲಸವನ್ನೆಲ್ಲ ಮಂಡಿ ಹೊತ್ಕೊಂಡಿದೆ."

ಅಲ್ಲಿಂದ ಹೊಸ ಪಾಠ. ಎಡತೊಡೆಗೆ ಬೇರೆ, ಸೊಂಟಕ್ಕೆ ಬೇರೆ, ಶಾಪಿನಲ್ಲಿ ಎರಡು ಕಾಲ ಮೇಲೂ ಸಮನಾಗಿ ನಿಲ್ಲುವುದು ಬೇರೆ. ಈ ಕೊನೆಯದೇ ಪ್ರಾಣ ಹಿಂಡಿತು. ಕಾಲು ನೆನಪಿಟ್ಟರೆ ಕೈ ಮರೆಯುತ್ತಿತ್ತು. ಊರಿನ ಗಂಡಸರೆಲ್ಲ ಒಂದು ಕಡೆಯ ಕೆನ್ನೆಗೂದಲು ಕಿವಿಯ ಮೇಲೆ, ಇನ್ನೊಂದು ಕಡೆಯದು ದವಡೆಯ ಹತ್ತಿರ ಇಟ್ಟುಕೊಂಡು ಓಡಾಡಿದರು. ಯಾವುದು ಎಡ, ಯಾವುದು ಬಲ, ಯಾವುದು ವಾಸಿ, ಯಾವುದು ನೋವು, ಅವನಿಗೆ ಒಂದೂ ತಿಳಿಯದಾಯಿತು. ಆದರೆ ಒಂದು ದಿನ ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ, ಮಂಡಿ ಮುಲುಗಲಿಲ್ಲ ಎಂಬುದು ಹೊಳೆಯಿತು. ನಂಬಿಕೆ ಬಾರದೆ ವಾಪಸ್ ಹತ್ತಿ ಮತ್ತೊಮ್ಮೆ ಇಳಿದ.

ದೊಡ್ಡ ಓಟದ ಮುಂಚೆ ಮೇಡಂ ಒಪ್ಪಿಗೆ ಕೊಟ್ಟರು, ಷರತ್ತಿನ ಮೇಲೆ: "ಮಂಡಿ ನೋವು ಅಂದ ತಕ್ಷಣ ನಿಲ್ಲಿಸಬೇಕು. ಹಟ ಮಾಡಿದ್ರೆ ಆಮೇಲೆ ಓಟದ ಮಾತೇ ಇಲ್ಲ."

"ನೋವೋ ಭಯವೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ನೋವು ಒಂದೇ ಕಡೆ ಕೂತಿರುತ್ತೆ. ಭಯ ಓಡಾಡುತ್ತೆ."

ಓಟ ಶುರುವಾಗಿ ಸ್ವಲ್ಪ ಹೊತ್ತಿಗೇ ಎಡಮಂಡಿಯಲ್ಲಿ ಏನೋ ಚುರುಕ್ ಎಂದಿತು. ನಿಲ್ಲಬೇಕೆನ್ನುವಷ್ಟರಲ್ಲಿ ಅದು ಬಲಮಂಡಿಗೆ ಹೋಯಿತು. ಅಲ್ಲಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಬೆನ್ನಿಗೆ, ಕೊನೆಗೆ ಎಡಕಿವಿಗೆ. ಕಿವಿಯಲ್ಲಿ ಯಾರು ಓಡುತ್ತಾರೆ? ಅವನು ಮುಂದಕ್ಕೆ ಸಾಗಿದ. ಬೇಕರಿಯವನು ಪಕ್ಕದಲ್ಲೇ ಏದುಸಿರು ಬಿಡುತ್ತ, "ಯಾವ ಕಾಲಪ್ಪಾ ಕೆಟ್ಟಿದ್ದು?" ಎಂದು ಕೇಳಿದ. ಉತ್ತರ ಯೋಚಿಸುತ್ತಿರುವಷ್ಟರಲ್ಲಿ ಬೇಕರಿಯವನು ಮುಂದೆ ಹೋಗಿಬಿಟ್ಟ. ಹೋಗಲಿ ಎಂದುಕೊಂಡ. ಮುಂದೆ ದಾರಿ ನೇರವಾಗಿತ್ತು.

ಅವನು ಮುಟ್ಟುವ ಹೊತ್ತಿಗೆ ಕೊನೆಯ ಗೆರೆಯ ಹತ್ತಿರ ಕುರ್ಚಿಗಳನ್ನು ಮಡಚುತ್ತಿದ್ದರು. ಹೆಂಡತಿ ನೀರಿನ ಬಾಟಲಿ ಹಿಡಿದು ಓಡಿಬಂದಳು.

"ಏನ್ರೀ, ಕುಂಟ್ತಾ ಇದ್ದೀರಲ್ಲ! ಯಾವ ಕಾಲು?"

ಅವನು ಎಡಗಾಲೂರಿ ನೋಡಿದ, ಬಲಗಾಲೂರಿ ನೋಡಿದ, ಮತ್ತೆ ಎಡಗಾಲೂರಿ ನೋಡಿದ.

"ಗೊತ್ತಾಗ್ತಿಲ್ಲ ಕಣೆ. ಎರಡೂ ಒಂದೇ ಸಮ ನೋಯ್ತಾ ಇವೆ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಬಾಟಲಿಯ ನೀರನ್ನು ತಾನೇ ಕುಡಿದುಬಿಟ್ಟಳು.